ಸುಸ್ತಾಗುವ ಮುಂಚೆ ಕೂರುವುದು

ಯಾರ ನಡಿಗೆಯನ್ನಾದರೂ ಎರಡು ನಿಮಿಷದಲ್ಲಿ ಕದಿಯಬಲ್ಲೆ. ನಮ್ಮ ತೋಟದ ಸಾಹುಕಾರರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುತ್ತಾರೆ. ಡ್ರೈವರ್ ಜೀಪಿನಿಂದ ಇಳಿದ ಮೇಲೂ ಗೇರ್ ಬದಲಿಸುತ್ತಲೇ ನಡೆಯುತ್ತಾನೆ. ಎಲ್ಲರ ಕಾಲೂ ನನ್ನ ವಶದಲ್ಲಿತ್ತು, ನನ್ನದೊಂದನ್ನು ಬಿಟ್ಟು.

ಮೂರು ವರ್ಷದ ಹಿಂದೆ ಒಂದು ಜ್ವರ ಬಂದಿತ್ತು. ಅದು ಹೋಯಿತು, ಸುಸ್ತು ಮತ್ತು ಸೊಂಟ, ಮಂಡಿಯ ನೋವು ಉಳಿದುಕೊಂಡವು. ನಾನು ಅಮ್ಮತ್ತಿ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವವನು. ಆಳುಗಳ ಜೊತೆ ದಿನವಿಡೀ ಏರು, ಇಳಿಜಾರು ತಿರುಗುವುದೇ ಕೆಲಸ. ಮೈ ಹಗುರವಾದ ದಿನ ಕೆಳಗೆ ನೀರು ಹರಿಯುವ ತೋಡಿನ ಬದಿಯಿಂದ ಮೇಲಿನ ಬ್ಲಾಕಿಗೆ ನಾಲ್ಕು ಸಲ ಹತ್ತಿಳಿದು ಮೀಸೆ ತಿರುವುತ್ತಿದ್ದೆ. ಆಮೇಲೆ ನಾಲ್ಕು ದಿನ ಹಾಸಿಗೆ. ಹೋದ ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನಲ್ಲಿ ಹೀಗೆ ಮೂರು ಸಲ ಮಲಗಿದ್ದೆ.

ಈ ಸಲ ಸಾಹುಕಾರರು ಮೊದಲೇ ಹೇಳಿಬಿಟ್ಟರು: “ನೋಡು ಮಾರಾಯ, ನೀನು ಒಳ್ಳೆಯವ್ನೇ. ಆದ್ರೆ ಪಿಕ್ಕಿಂಗ್ ಮಧ್ಯೆ ಮತ್ತೆ ಮಲಗಿದ್ರೆ ಬೇರೆ ರೈಟರ್ ನೋಡ್ಬೇಕಾಗ್ತದೆ.”

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಕೊಟ್ಟ ಮದ್ದು ನನಗೆ ಅವಮಾನದಂತೆ ಕಂಡಿತು. ಬೆಳಗ್ಗೆ ಮೆಲ್ಲಗೆ ಕೈಕಾಲು ಚಾಚುವ ನಾಲ್ಕು ವ್ಯಾಯಾಮ. ಹತ್ತು ನಿಮಿಷ ನಡಿಗೆ, ಐದು ನಿಮಿಷ ಕೂರುವುದು. ಮೈ ಒಪ್ಪಿದರೆ ವಾರಕ್ಕೊಂದು ನಿಮಿಷ ಹೆಚ್ಚಿಸುವುದು. “ನೋವು ಬಂದ್ಮೇಲಲ್ಲ, ಬರೋ ಮುಂಚೆ ಕೂತ್ಕೊಳ್ಳಿ. ಆರಾಮಿದ್ದೀನಿ ಅನ್ಸಿದ ದಿನವೇ ಜಾಸ್ತಿ ಹುಷಾರಾಗಿರಿ,” ಎಂದರು. ಹೊರಗೆ ಬಂದವನೇ ಅವರ ದನಿಯಲ್ಲೇ ಅದನ್ನು ಹೇಳಿ ಡ್ರೈವರನ್ನು ನಗಿಸಿದೆ. ಆಳು ನಿಂತು ಹಣ್ಣು ಕೊಯ್ಯುವಾಗ ರೈಟರ್ ಕೂರುವುದುಂಟೇ? ನಮ್ಮಲ್ಲಿ ರೈಟರೆಂದರೆ ಕೊಡೆ ಊರಿ ನಿಲ್ಲುವ ಪ್ರಾಣಿ.

ಪಿಕ್ಕಿಂಗ್ ಶುರುವಾದ ವಾರದಲ್ಲೇ ಬುತ್ತಿ ಹೊತ್ತಿನಲ್ಲಿ, ಆಳುಗಳ ಲೈನ್‌ಮನೆಯ ಅಜ್ಜಿಯೊಬ್ಬರ ನಡಿಗೆಯನ್ನು ಅಣಕಕ್ಕೆ ತೆಗೆದುಕೊಂಡೆ. ಸಣ್ಣ ಹೆಜ್ಜೆ, ಏರಿನಲ್ಲಿ ನೇರ ಹತ್ತದೆ ಅಡ್ಡಡ್ಡ ಹೋಗುವುದು, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಹುರುಪಿನಲ್ಲಿ ಹಾಗೆಯೇ ಮೇಲಿನ ಬ್ಲಾಕಿನವರೆಗೆ ಹೋದೆ. ತಿರುಗಿ ನೋಡಿದರೆ, ಅರೆ, ಮಂಡಿ ಚಕಾರ ಎತ್ತಿಲ್ಲ!

ಹಿಂದಿನಿಂದ ಬಂದ ಅಜ್ಜಿ, “ಅರ್ಧ ಕಲ್ತಿದ್ದೀರಿ ರೈಟ್ರೇ. ಕೂರೋದು ಕಲೀಲಿಲ್ಲ,” ಎಂದರು.

“ಸುಸ್ತಾದ್ರೆ ಕೂರ್ತೇನೆ ಅಜ್ಜಿ.”

“ಸುಸ್ತಾದ್ಮೇಲೆ ಕೂರೋದಲ್ಲ ಅದು, ಬೀಳೋದು.”

ಆಗ ಗಮನಿಸಿದೆ. ಹುಡುಗಿಯರು ಚೀಲ ತುಂಬುವವರೆಗೆ ಕೂರುತ್ತಲೇ ಇರಲಿಲ್ಲ. ಅಜ್ಜಿ ಒಂದೊಂದು ಸಾಲು ಮುಗಿದಾಗಲೂ ಎಲೆಯಡಿಕೆ ನೆಪದಲ್ಲಿ ಕೂರುತ್ತಿದ್ದರು. ಸಂಜೆಯ ತೂಕದಲ್ಲಿ ಅವರ ಚೀಲ ಯಾರದ್ದಕ್ಕಿಂತಲೂ ಕಡಿಮೆಯಿರುತ್ತಿರಲಿಲ್ಲ. ಮೇಡಂ ಹೇಳಿದ್ದನ್ನು ಈಕೆ ನಲವತ್ತು ಪಿಕ್ಕಿಂಗಿನಿಂದ ಮಾಡುತ್ತಿದ್ದರು, ನಾನು ಅದನ್ನೇ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ಮರುದಿನದಿಂದ ಮೊಬೈಲಿನಲ್ಲಿ ಅಲಾರಂ ಇಟ್ಟೆ. ಅದು ಕೂಗಿದಲ್ಲಿ ಕೂರುವುದು, ಕಲ್ಲಾದರೂ ಸರಿ, ಬಿದ್ದ ಸಿಲ್ವರ್ ಓಕ್ ಮರವಾದರೂ ಸರಿ. ಮೊದಲ ವಾರ ಆಳುಗಳು “ರೈಟ್ರು ಮೊಟ್ಟೆ ಇಡ್ತಿದ್ದಾರೆ” ಎಂದರು. ಎದ್ದಾಗಲೆಲ್ಲ ಕೊಕ್ಕೊಕ್ಕೋ ಎಂದು ಕೂಗಿ ಆ ತಮಾಷೆಯನ್ನು ನಾನೇ ಮುಗಿಸಿದೆ. ನೋವು ಹೋಗಲಿಲ್ಲ, ಎರಡು ದಿನ ಬೆಳಗ್ಗೆ ಎದ್ದೇಳುವುದೇ ಕಷ್ಟವಾಯಿತು, ಆ ದಿನ ನಡಿಗೆಯನ್ನು ಐದು ನಿಮಿಷಕ್ಕಿಳಿಸಿದೆ. ಆದರೆ ಒಂದು ದಿನವೂ ರಜೆ ಹಾಕಲಿಲ್ಲ.

ಕೊನೆಯ ದಿನ ಮೇಲಿನ ಬ್ಲಾಕಿನಲ್ಲಿ ಐದೇ ಸಾಲು ಉಳಿದಿತ್ತು. ಮೈ ಹಗುರವಾಗಿತ್ತು, ಎಲ್ಲರೂ ಓಡುತ್ತಿದ್ದರು, ಸಾಹುಕಾರರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಆಗಲೇ ಅಲಾರಂ ಕೂಗಬೇಕೇ? ಅಜ್ಜಿ ನನ್ನತ್ತ ನೋಡಿದರು. ನಾನು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ.

“ಏನಪ್ಪ, ಸುಸ್ತಾ?” ಎಂದರು ಸಾಹುಕಾರರು.

“ಇಲ್ಲ ಸಾಹುಕಾರ್ರೇ, ಅದಕ್ಕೇ ಕೂತದ್ದು.”

ಅವರು ಒಂದು ಗಳಿಗೆ ನನ್ನನ್ನು, ಇನ್ನೊಂದು ಗಳಿಗೆ ಏರನ್ನು ನೋಡಿದರು. ಆಮೇಲೆ ಹೊಟ್ಟೆಯನ್ನು ಮೊದಲು ಕೂರಿಸಿ ತಾವೂ ಪಕ್ಕದಲ್ಲಿ ಕೂತರು. “ತೋಡಿನ ಬದಿಗೂ ಇಂಥದ್ದೊಂದು ಕಲ್ಲು ಹಾಕ್ಸಿಬಿಡು. ಮುಂದಿನ ಪಿಕ್ಕಿಂಗಿಗೆ ನಿಂಗೆ ಬೇಕಲ್ಲ.”

ನಾನು ತಲೆಯಾಡಿಸಿದೆ. ಐದು ನಿಮಿಷ ಪೂರ್ತಿಯಾದ ಮೇಲೆಯೇ ಎದ್ದೆ.