ಆರೋಗ್ಯವಂತ ಒಸಡು ಬೇಕಾಗಿದೆ

ಆ ದಿನವೂ ಹಾಲು ಕಾಯಿಸಿ, ಚಹಾಕ್ಕಿಟ್ಟು, ಜೋಳದ ಹಿಟ್ಟು ನಾದಿ ರೊಟ್ಟಿಗೆ ಕೂತಿದ್ದೆ. ಬಚ್ಚಲಲ್ಲಿ ಹಲ್ಲುಜ್ಜುವ ಸದ್ದು ಶುರುವಾಗಿ, ಮೊದಲ ರೊಟ್ಟಿ ಹೆಂಚಿಗೆ ಬೀಳುವಷ್ಟರಲ್ಲಿ ನಿಂತಿತು. ಮಗ ನಿಖಿಲನ ಹಲ್ಲುಜ್ಜುವಿಕೆ ಯಾವಾಗಲೂ ಒಂದು ರೊಟ್ಟಿಯಷ್ಟೇ ಉದ್ದ. ಬೇರೆ ದಿನವಾದರೆ ಬಿಡುತ್ತಿದ್ದೆ. ಅವತ್ತು ಬಿಡಲಿಲ್ಲ.

ಕಾರಣ ಅಕ್ಕನ ಮಗಳು ಅಶ್ವಿನಿ. ಬೀದರಿನ ಹುಡುಗಿ, ಸಂಭಾಜಿನಗರದ ನಮ್ಮ ಮನೆಯಲ್ಲಿದ್ದು ದಂತವೈದ್ಯದ ಮೇಲಿನ ಓದು ಓದುತ್ತಾಳೆ. ಆರೋಗ್ಯವಂತ ತರುಣ ತರುಣಿಯರ ಒಸಡು ಎಷ್ಟು ದಪ್ಪ, ಎಷ್ಟು ಅಗಲ ಎಂದು ಅಳೆಯುವುದು ಅವಳ ಅಧ್ಯಯನ. ಒಸಡನ್ನು ಮರಗಟ್ಟಿಸಿ, ರಬ್ಬರಿನ ಪುಟ್ಟ ಬಿಲ್ಲೆ ಸಿಕ್ಕಿಸಿದ ಸೂಜಿ ಚುಚ್ಚಿ, ತುದಿಯಿಂದ ಬಿಲ್ಲೆಯವರೆಗೆ ಅಳೆಯುತ್ತಾರಂತೆ. ಒಂದೂವರೆ ಮಿಲಿಮೀಟರ್ ಇದ್ದರೆ ಅದೇ ದಪ್ಪ! ರವಿಕೆ ಹೊಲಿಸುವಾಗ ಒಳಗೆ ಎರಡಿಂಚು ಬಿಡಿಸುವ ನಾನು ಇದನ್ನು ಅಳತೆ ಎಂದೇ ತಿಳಿದಿರಲಿಲ್ಲ.

ಸೂಜಿಗಿಂತ ಕಷ್ಟ ಆರೋಗ್ಯವಂತರನ್ನು ಹುಡುಕುವುದು. ನೋವಿಲ್ಲದವರು ಹಲ್ಲಿನ ಆಸ್ಪತ್ರೆಗೆ ಯಾಕೆ ಬಂದಾರು? ಕೊನೆಗೆ ಒಬ್ಬರು ಕಡಿಮೆ ಬಿದ್ದರು. ಆ ಒಬ್ಬರು ಸಿಕ್ಕರೆ, ಆರು ತಿಂಗಳಿಂದ ಊರು ಕಾಣದ ಅವಳು ಮರುದಿನವೇ ಹೋಗಬಹುದಿತ್ತು. ಟಿಕೆಟ್ಟೂ ಆಗಿತ್ತು. ಅದಕ್ಕೇ ನಾಸಿಕದಲ್ಲಿ ಓದುವ ಮಗನನ್ನು ಕರೆಸಿದ್ದೆ.

ನಾನು ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿ ಸೋಮವಾರ ಉಗುರು ನೋಡುತ್ತಿದ್ದರು. ನಾವು ಸಾಲಿನಲ್ಲಿ ನಿಂತೇ ಹಲ್ಲಿನಿಂದ ಕಚ್ಚಿ ಚೊಕ್ಕ ಮಾಡಿಕೊಳ್ಳುತ್ತಿದ್ದೆವು. ಆ ವಿದ್ಯೆ ಇನ್ನೂ ಮರೆತಿಲ್ಲ. ಹೊಸ ಗಟ್ಟಿ ಬ್ರಶ್ಶಿಗೆ ಹರಳುಪ್ಪು ಹಾಕಿ ಮಗನನ್ನು ಮತ್ತೆ ಬಚ್ಚಲಿಗೆ ಅಟ್ಟಿದೆ.

“ಛಂದಂಗ ತಿಕ್ಕು. ಡಾಕ್ಟರ್ ಮಂದಿ ಮುಂದ ನನ್ನ ಮಾನ ಕಳೀಬ್ಯಾಡ.”

“ಮಮ್ಮಿ, ಪುರೇ ನಾ, ಸಾಕು! ಅವರು ಅಳ್ಯೋದು ಒಸಡು, ತಳ ಹತ್ತಿದ ಪಾತೇಲಿ ಅಲ್ಲ.”

ಐದು ರೊಟ್ಟಿ ಆಗುವವರೆಗೆ ತಿಕ್ಕಿಸಿದೆ.

ಆಸ್ಪತ್ರೆಗೆ ನಾನೂ ಹೋದೆ. ಅಶ್ವಿನಿ ಅವನ ತುಟಿ ಸರಿಸಿ, ಗೆರೆಗಳಿದ್ದ ತೆಳ್ಳನೆಯ ಕಡ್ಡಿಯಿಂದ ಒಸಡಿನಂಚು ಸವರಿದಳಷ್ಟೇ, ರಕ್ತ ಇಣುಕಿತು. ಅಲ್ಲಲ್ಲಿ ಕೆಂಪಗೆ ತರಚಿದ ಗೀರು.

“ನಿನ್ನೆ ನಾನೇ ನೋಡೀನಿ, ಛಲೋ ಇತ್ತು. ಏನು ಹಚ್ಚಿ ತಿಕ್ಕೀಯೋ?”

ನಿಖಿಲ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ದೊಡ್ಡ ದವಡೆಯ ಚಿತ್ರ ನೋಡಿದೆ.

“ಇದು ಮಾಯಲಿಕ್ಕೆ ಹದಿನೈದು ದಿನ ಬೇಕು, ಮೌಶಿ.”

“ಅರ್ಧ ಮಿಲಿಮೀಟರ್ ಹೆಚ್ಚುಕಡಿಮಿ ಮಾತಲ್ಲೇನವಾ? ಬರಕೊಂಡು ಊರಿಗೆ ಹೋಗು.”

“ಮ್ಯಾಲೆ ‘ಆರೋಗ್ಯವಂತ’ ಅಂತ ಬರೀಬೇಕಲ್ಲ. ಅದು ಹ್ಯಾಂಗ ಬರೀಲಿ?”

ಬೈಯಲಿಲ್ಲ. ಕೈಗವಸು ತೆಗೆದು, ಫೋನಿನಲ್ಲಿ ಟಿಕೆಟ್ ರದ್ದು ಮಾಡಿದಳು. ಬೈದಿದ್ದರೆ ವಾಸಿಯಿತ್ತು. ಇರುವ ಹಾಗೆಯೇ ಬಾ ಎಂದು ಕೇಳಿದ ತಪಾಸಣೆ ಅದೊಂದೇ. ಅದಕ್ಕೂ ನಾನು ಸಿಂಗರಿಸಿ ಕಳಿಸಿದ್ದೆ.

ಸಂಜೆ ಎದುರುಮನೆಯ ಮಹಾದೇವಿ ಕರಿಬೇವು ಕೇಳಲು ಬಂದರು. ನಮ್ಮ ಕಡೆಯ ಕಲಬುರಗಿಯವರು, ಅವರೆದುರು ನನಗೆ ಏನೂ ಮುಚ್ಚಿಡಲಾಗದು. ಎಲ್ಲ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಷ್ಟು ಶಾಣ್ಯಾರಿದ್ದು ಹಿಂಗ ಮಾಡ್ತೀರಲ್ರಿ ವೈನಿ!”

ಅವರ ಯಜಮಾನರಿಗೂ ಒಂದು ಲೋಟ ಚಹಾ ಒಯ್ಯುತ್ತೀರಾ ಎಂದೆ.

“ಬ್ಯಾಡ್ರಿ, ನಾಳಿಗೆ ಅವರ ಶುಗರ್ ಟೆಸ್ಟ್ ಅದ. ಮೂರು ದಿನಾತು, ಸಕ್ಕರಿ ಡಬ್ಬಿನೇ ಬಚ್ಚಿಟ್ಟೀನಿ. ಟೆಸ್ಟ್ ಮುಗಿಸ್ಕೊಂಡು ಬಂದ್ರ ಶಿರಾ ಮಾಡಿ ಕೊಡ್ತೀನಂತ ಹೇಳೀನಿ.”