ಓದಿದವಳ ಅಂಜಿಕೆ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುತ್ತಲೇ ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಂದಿನಿಂದ ತಿಕೋಟಾದ ನಮ್ಮ ಓಣಿಯಲ್ಲಿ ಯಾರಿಗೆ ಬೇನೆ ಬಂದರೂ ವಿಜಯಪುರದ ಡಾಕ್ಟರ ಮುಂದೆ ಮಾತಾಡುವ ಕೆಲಸ ನನ್ನದೇ. ಅಪ್ಪನ ಮಂಡಿನೋವು, ನೆರೆಮನೆಯ ಚಾಚಿಯ ಸಕ್ಕರೆ ಕಾಯಿಲೆ, ಎಲ್ಲಕ್ಕೂ ನಾನೇ ಬಾಯಿ. "ಈಕಿ ಜೋಡಿ ಇದ್ರ ಡಾಕ್ಟರ್ ಗದರೂದಿಲ್ಲ" ಎನ್ನುತ್ತಿದ್ದಳು ಚಾಚಿ.

ಈಗ ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಾಡಿಗೆ ಖೋಲಿ ಹಿಡಿದು ಒಬ್ಬಳೇ ಇದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ವರ್ಷ ಊರಿಗೆ ಹೊರಟಾಗ ಬಸ್ಸಿನಲ್ಲಿ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಾಲಲಿಲ್ಲ. ಸತ್ತೇ ಹೋಗುತ್ತೇನೆ ಅನಿಸಿ ನಡುದಾರಿಯಲ್ಲಿ ಇಳಿದುಬಿಟ್ಟೆ. "ಇಲ್ಲೇನೈತ್ರಿ ಅಕ್ಕಾರ, ಬರೇ ಹೊಲ" ಎಂದ ಕಂಡಕ್ಟರ್.

ಇಸಿಜಿ ತೆಗೆಸಿದರೆ ಎದೆಗೇನೂ ಆಗಿರಲಿಲ್ಲ. ಆದರೆ ಆ ಗಳಿಗೆ ಮತ್ತೆ ಬಂದೀತೆಂಬ ಭಯ ಬಿಡಲಿಲ್ಲ. ಮೊದಲು ಬಸ್ಸು ಬಿಟ್ಟೆ, ಆಮೇಲೆ ಸಿದ್ಧೇಶ್ವರ ಗುಡಿ ಸುತ್ತಲಿನ ಬಜಾರ, ಕೊನೆಗೆ ಸ್ಟಾಫ್ ರೂಮಿನ ಚಹಾ. ಪೇಪರ್ ತಿದ್ದುವುದಿದೆ, ಊರಿಗೆ ಬರಲಾಗದು ಎಂದು ಅವ್ವನಿಗೆ ಹೇಳುತ್ತ ಹೋದೆ. ಅವಳು ನಂಬಿದಳು. ನಾನು ಖೋಲಿಯಲ್ಲಿ ಕದ ಹಾಕಿಕೊಂಡು ಕೂತೆ.

ತಡೆಯಲಾಗದೆ ಮನೋವೈದ್ಯರ ಬಳಿ ಹೋದೆ. ಓಣಿಯವರ ಬೇನೆಯನ್ನೆಲ್ಲ ಪಟಪಟ ಹೇಳಿದವಳಿಗೆ ನನ್ನದನ್ನು ಹೇಳಲು ಬಾಯಿ ಬರಲಿಲ್ಲ. ನಾನು ಹೇಳಿ ಮುಗಿಸುವವರೆಗೆ ಅವರು ಕಾದರು. ಇದು ಆತಂಕದ ಕಾಯಿಲೆ, ಧೈರ್ಯ ಕಡಿಮೆಯೆಂದು ಬಂದದ್ದಲ್ಲ. ಗುಳಿಗೆಯಿದೆ, ಮಾತಿನ ಚಿಕಿತ್ಸೆಯಿದೆ, ಬಿಟ್ಟ ಬಸ್ಸನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹತ್ತಬೇಕು ಎಂದರು. ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ ಎಂದೂ ಅಂದರು.

ಅವ್ವನಿಗೆ ಫೋನ್ ಮಾಡಿದೆ. ಚಾಚಿಯ ಸಕ್ಕರೆ ಕಾಯಿಲೆಯಂತೆ ಇದೂ ಒಂದು ಬೇನೆ ಎಂದು ಬಿಡಿಸಿ ಹೇಳಿದೆ.

"ಕಲತಾಕಿ ನೀ. ನಿನಗೆಂಥಾ ಅಂಜಿಕಿ ಯವ್ವಾ?" ಎಂದಳು. ಆಮೇಲೆ ದನಿ ತಗ್ಗಿಸಿದಳು: "ಗುಳಿಗಿ ತಗೋ. ಆದ್ರ ಓಣ್ಯಾಗ ಯಾರ ಮುಂದೂ ಅನಬ್ಯಾಡ. ನಿನ್ನ ನೋಡೇ ಹೆಣ್ಣಹುಡುಗ್ಯಾರ್ನ ಕಾಲೇಜಿಗೆ ಕಳಸಾಕತ್ತಾರ. ಓದಿ ತಲಿ ಕೆಟ್ಟೈತಿ ಅಂತಾರ."

ಅವಳು ಹೇಳಿದ್ದು ಸುಳ್ಳಲ್ಲ. ಹಾಗೇ ಅನ್ನುತ್ತಾರೆ. ಆಯ್ತೆಂದೆ.

ಮರುದಿನ ತಿಕೋಟಾ ಬಸ್ಸು ಹತ್ತಿದೆ. ವಿಜಯಪುರದ ಹೊರಗಿನ ಮೊದಲ ಸ್ಟಾಪಿನವರೆಗೆ ಕಂಬಿ ಹಿಡಿದು ಕೂತಿದ್ದು, ಇಳಿದು, ಬಿಸಿಲಲ್ಲಿ ನಡೆದು ಬಂದೆ. ಈಗ ಇನ್ನೂ ಒಂದಿಷ್ಟು ಮುಂದೆ ಹೋಗುತ್ತೇನೆ, ಊರು ಮುಟ್ಟಿಲ್ಲ. ಇದನ್ನು ಬರೆದದ್ದು ಅವ್ವನಿಗೆ ಗೊತ್ತಾಗುವುದಿಲ್ಲ, ಅವಳಿಗೆ ಓದಲು ಬಾರದು. ಓಣಿಯ ಆ ಹುಡುಗಿಯರಿಗೆ ಬರುತ್ತದೆ.