ಐದನೇ ಮಹಡಿಯ ಅಜ್ಜಿಯ ಬೇಲಿ ಅಕ್ಷರ

ನೀವು ಇದನ್ನು ನಂಬುವುದಿಲ್ಲ. ಪೂರ್ತಿ ಹೊತ್ತು ಪಕ್ಕದಲ್ಲೇ ನಿಂತಿದ್ದ ನನ್ನ ತಂಗಿಯೇ ನಂಬುವುದಿಲ್ಲ. ಆದರೂ ಹೇಳುತ್ತೇನೆ: ಪಾರ್ಕ್‌ಲ್ಯಾಂಡ್ಸಿನ ನಮ್ಮ ಬಿಲ್ಡಿಂಗಿನಲ್ಲಿ, ಬಹುಶಃ ಇಡೀ ಪೂರ್ವ ಆಫ್ರಿಕಾದಲ್ಲಿ, ರಷ್ಯನ್ ಓದಬಲ್ಲ ಏಕೈಕ ಕನ್ನಡದ ಹುಡುಗಿ ನಾನೇ ಆಗಿದ್ದೆ. ಕೆಲವು ವಾರಗಳ ಮಟ್ಟಿಗೆ.

ಓದಬಲ್ಲೆ ಅಂದರೆ, ಅಕ್ಷರ ಗೊತ್ತಿತ್ತು. ಅಪ್ಪ ರಷ್ಯಾದಲ್ಲಿ ಡಾಕ್ಟರಿಕೆ ಓದಿದವರು. ಅವರ ಹಳೆಯ ಪುಸ್ತಕಗಳನ್ನು ನೋಡಿ ನೋಡಿ ಅಚ್ಚಿನ ಅಕ್ಷರ ಕಲಿತಿದ್ದೆ. ಅರ್ಥವೂ ಗೊತ್ತಾ ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳುವ ಅಭ್ಯಾಸ ನನಗಿಲ್ಲ.

ಒಂದು ದಿನ ಲಿಫ್ಟಿನಲ್ಲಿ ಐದನೇ ಮಹಡಿಯ ರಷ್ಯನ್ ಅಜ್ಜಿ ಚಾಕೊಲೇಟ್ ಡಬ್ಬಿ ಹಿಡಿದು ನಿಂತಿದ್ದರು. ಅವರ ಮಗ ಸರಕು ವಿಮಾನದ ಪೈಲಟ್. ಅಜ್ಜಿಗೆ ಇಂಗ್ಲಿಷ್ ಬರದು, ಗೇಟಿನ ವಾಚ್‌ಮನ್‌ಗೆ ‘ಅಸಾಂಟೆ’ ಎಂದು ಥ್ಯಾಂಕ್ಸ್ ಹೇಳುವಷ್ಟು ಸ್ವಾಹಿಲಿ ಬರುತ್ತದೆ. ನಾನು ಡಬ್ಬಿಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿಬಿಟ್ಟೆ. ಅಜ್ಜಿಯ ಕಣ್ಣಲ್ಲಿ ನೀರು ಬಂತು. ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಲಿಫ್ಟೇ ಅಲುಗಾಡಿತು, ಸುಳ್ಳಲ್ಲ. ಅವರ ಜೊತೆ ಐದನೇ ಮಹಡಿಗೇ ಹೋಗಿ ಅರ್ಧ ಡಬ್ಬಿ ಖಾಲಿ ಮಾಡಿ ಬಂದೆ. ಭಾನುವಾರದ ಹೊತ್ತಿಗೆ ಅಮ್ಮ ಈ ಸುದ್ದಿಯನ್ನು ಊರಿನ ಆ ತುದಿಯ ಸೌತ್ ಸಿ ಬಡಾವಣೆಯ ಗೆಳತಿಯರವರೆಗೂ ಮುಟ್ಟಿಸಿದ್ದಳು. ಅಪ್ಪ ಮಾತ್ರ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಬೋರ್ಡ್ ಓದೋದೇ ಬೇರೆ, ಭಾಷೆ ಬರೋದೇ ಬೇರೆ ಕಣೇ” ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಮುಂದೆ ಅಜ್ಜಿ ಮಗನ ಜೊತೆ ಎರಡು ದಿನ ಮೊಂಬಾಸಾಕ್ಕೆ ಹೊರಟರು. ಬೆಕ್ಕನ್ನು ನೋಡಿಕೊಳ್ಳುವವರು ಬೇಕಿತ್ತು. ಇಡೀ ಬಿಲ್ಡಿಂಗಿನಲ್ಲಿ ಅವರು ಕರೆದದ್ದು ನನ್ನನ್ನೇ, ಇನ್ಯಾರನ್ನು ಕರೆಯುತ್ತಾರೆ? ಬೂದು ಬಣ್ಣದ ಬೆಕ್ಕು, ಚಿಕ್ಕ ಸೋಫಾದಷ್ಟು ಗಾತ್ರ. ಅಜ್ಜಿ ನನ್ನ ಕೈಗೆ ಕೀ ಕೊಟ್ಟರು, ಮಡಿಸಿದ ಕಾಗದ ಕೊಟ್ಟರು. ಆಮೇಲೆ ತಮ್ಮ ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಬೆಕ್ಕನ್ನು ತೋರಿಸಿ, ನನ್ನನ್ನು ತೋರಿಸಿದರು. ನನ್ನ ಜೀವ ಇದು, ನಿನ್ನ ಕೈಲಿದೆ. ಅಷ್ಟನ್ನು ತಿಳಿದುಕೊಳ್ಳಲು ಯಾವ ಭಾಷೆಯೂ ಬೇಕಿರಲಿಲ್ಲ. “ದಾ, ದಾ” ಅಂದೆ. ಹೌದು ಹೌದು ಎಂದರ್ಥ. ಅದೊಂದು ಗೊತ್ತಿತ್ತು.

ಅವರ ಕಾರು ಗೇಟು ದಾಟಿದ ಮೇಲೆ ತಂಗಿಯ ಜೊತೆ ಅಜ್ಜಿಯ ಮನೆಯಲ್ಲಿ ನಿಂತು ಕಾಗದ ಬಿಡಿಸಿದೆ.

ಒಂದೇ ಒಂದು ಅಕ್ಷರವೂ ಇರಲಿಲ್ಲ. ಬೇಲಿ ಇತ್ತು. ನಮ್ಮ ಕಾಂಪೌಂಡಿನ ಮೇಲಿನ ಕರೆಂಟು ಬೇಲಿಯನ್ನು ಯಾರೋ ಬಿಚ್ಚಿ ತಂದು ನೀಲಿ ಇಂಕಿನಲ್ಲಿ ಅದ್ದಿ ಒತ್ತಿದ ಹಾಗಿತ್ತು. ನಮ್ಮ ಕನ್ನಡದ ಅಕ್ಷರಗಳು ಮರ್ಯಾದಸ್ಥರು. ಅಚ್ಚಿನಲ್ಲಿ ಹೇಗಿರುತ್ತಾರೋ ಕೈಬರಹದಲ್ಲೂ ಹೆಚ್ಚುಕಮ್ಮಿ ಹಾಗೇ ಇರುತ್ತಾರೆ. ಕಾಲಡಿಯಲ್ಲಿ ಒತ್ತಕ್ಷರವನ್ನು ಕೂರಿಸಿಕೊಂಡರೂ ಅಕ್ಕಪಕ್ಕದವರ ಕೈ ಹಿಡಿದು ಓಡುವುದಿಲ್ಲ. ಈ ರಷ್ಯನ್ನರು ಹಾಗಲ್ಲ. ಪುಸ್ತಕದಲ್ಲಿ ನೆಟ್ಟಗೆ ನಿಂತಿದ್ದ ‘ತ’ ಇಲ್ಲಿ ಇಂಗ್ಲಿಷಿನ ಎಂ ವೇಷ ಹಾಕಿಕೊಂಡಿತ್ತು. ‘ದ’ ಬಾಲ ಬಿಟ್ಟುಕೊಂಡು ಜಿ ಆಗಿತ್ತು. ‘ಇ’ ಯು ಆಗಿತ್ತು. ಎಲ್ಲರೂ ಸಾಲಾಗಿ ಕೈ ಹಿಡಿದುಕೊಂಡರೆ ಯಾವುದು ಯಾರ ಕಾಲು? ಅದು ಸಾಲದೆ ಕೆಲವು ಕಂಬಗಳ ಮೇಲೆ ಗೆರೆ, ಕೆಲವುಗಳ ಕೆಳಗೆ ಗೆರೆ. ಮೇಲಿನದು ತಲೆಕಟ್ಟು, ಕೆಳಗಿನದು ಒತ್ತು ಎಂದು ತೀರ್ಮಾನಿಸಿದೆ. ಇದನ್ನು ರಷ್ಯಾದಲ್ಲಿ ಹೇಳಿದರೆ ಗಡೀಪಾರು ಮಾಡುತ್ತಾರಂತೆ.

ಫೋನಿನ ಅನುವಾದದ ಆ್ಯಪಿಗೆ ತೋರಿಸಿದೆ. ‘ಚಕ್ರವರ್ತಿಯ ಈರುಳ್ಳಿಯನ್ನು ತೊಳೆಯಿರಿ’ ಅಂದಿತು.

“ಅಕ್ಕಾ, ಅಪ್ಪಂಗೆ ಫೋಟೊ ಕಳ್ಸೇ” ಅಂದಳು ತಂಗಿ. ಅಪ್ಪ ಎನ್‌ಜಿಒ ಕೆಲಸದ ಮೇಲೆ ಉತ್ತರದ ತುರ್ಕಾನಾ ಸೀಮೆಗೆ ಹೋಗಿದ್ದವರು ಅಂದೇ ವಾಪಸ್ ಬರುವವರಿದ್ದರು.

“ಬೇಡ. ನಂಗೆ ಆಲ್ಮೋಸ್ಟ್ ಬಂತು.”

“ಎಲ್ಲಿ, ಓದು ನೋಡೋಣ.”

“ಕೋ... ಶ್... ಕೋಶ್ಕ! ಬೆಕ್ಕು ಅಂತ! ಅಜ್ಜಿ ಡೈಲಿ ಹಂಗೇ ಕರೀತಾರೆ.”

“ವಾವ್. ಬೆಕ್ಕು ಕಣ್ಮುಂದೇನೇ ಕೂತಿದೆ. ಅದನ್ನ ಹೇಳಕ್ಕೆ ಪೇಪರ್ ಬೇಕಾ?”

ಮೇಜಿನ ಕಡೆ ತಿರುಗಿದೆ. ಅಲ್ಲಿ ಒಂದು ಪುಟ್ಟ ಕಂದು ಬಾಟಲಿ, ಮುಚ್ಚಳದಲ್ಲೇ ಡ್ರಾಪರ್, ಮೇಲೆ ಲೇಬಲ್ ಇಲ್ಲ. ಮುಚ್ಚಳ ತಿರುಗಿಸಿದೆ. ಮಳೆಯಲ್ಲಿ ನೆಂದ ಸಾಕ್ಸನ್ನು ವಾರಗಟ್ಟಲೆ ಶೂ ಒಳಗೇ ಬಿಟ್ಟಂಥ ವಾಸನೆ. ಅಷ್ಟು ಹೊತ್ತು ಮೂರ್ತಿಯಂತೆ ಕೂತಿದ್ದ ಬೆಕ್ಕು ಒಂದೇ ನೆಗೆತಕ್ಕೆ ಬಂದು ನನ್ನ ಕಾಲು ತಬ್ಬಿಕೊಂಡಿತು. ಹೊರಳಾಡಿತು, ಊಳಿಟ್ಟಿತು, ಎಂಬಕಸಿ ಏರ್‌ಪೋರ್ಟಿನ ವಿಮಾನಗಳಿಗೂ ಕೇಳಿಸಿರಬೇಕು.

“ನೋಡು, ಅದ್ರ ಔಷಧಿ ಇದು. ಹೆಂಗೆ ಕೇಳ್ತಿದೆ!”

“ಔಷಧಿ ಯಾರಾದ್ರೂ ಕೇಳ್ಕೊಂಡ್ ಕುಡೀತಾರಾ? ನಿಂಗೆ ಕಷಾಯ ಕುಡಿಸಕ್ಕೆ ಮನೆಮಂದಿಯೆಲ್ಲ ಬೇಕು.”

ಆಗ ಮೊದಲ ಬಾರಿಗೆ ನನಗೂ ಅನುಮಾನ ಬಂತು. ಇದು ದಿನಾ ಕೊಡಲೇಬೇಕಾದ ಔಷಧಿಯಾಗಿದ್ದು ನಾನು ಕೊಡದಿದ್ದರೆ? ಕೊಡಬಾರದ್ದಾಗಿದ್ದು ಕೊಟ್ಟರೆ? ಎದೆಯ ಮೇಲೆ ಕೈ ಇಟ್ಟುಕೊಂಡ ಅಜ್ಜಿ ಕಣ್ಣ ಮುಂದೆ ಬಂದರು. ಕಾಗದವನ್ನು ತಿರುಗಿಸಿ, ತಲೆಕೆಳಗೆ ಮಾಡಿ, ಬೆಳಕಿಗೆ ಹಿಡಿದು ನೋಡಿದೆ. ಬೇಲಿ ಬೇಲಿಯಾಗಿಯೇ ಇತ್ತು. ಬೆಕ್ಕಿನ ಪದದ ಕೆಳಗೂ ಒಂದು ಗೆರೆ ಇತ್ತು, ಈಗದು ಒತ್ತಿನ ಹಾಗೆ ಕಾಣಲಿಲ್ಲ. ಗೆರೆ ಎಳೆದಿದ್ದಾರೆ ಅಂದಮೇಲೆ ಮುಖ್ಯವಾದದ್ದೇ, ಕೊಡಲೇಬೇಕು.

“ಹಿಡ್ಕೊ ಅದನ್ನ.”

“ಎಷ್ಟು ಡ್ರಾಪ್ಸ್?”

“ಇಲ್ಲಿ ನಾಲ್ಕು ಕಂಬ ಕಾಣ್ತಿದೆ. ನಾಲ್ಕು.”

“ಅಕ್ಕಾ, ಪ್ಲೀಸ್. ಅಪ್ಪಂಗೆ ಕೇಳೋಣ.”

ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಬೆಕ್ಕು ಬಾಯಿ ತೆರೆದು ಕಾಯುತ್ತಿತ್ತು. ತುಂಬಿದ ಡ್ರಾಪರನ್ನು ಅದರ ಮೂಗಿನ ಮೇಲಕ್ಕೆ ತಂದೆ.

“ಏಯ್!”

ಬಾಗಿಲಲ್ಲಿ ಅಪ್ಪ. ಹೆಗಲ ಮೇಲೆ ಇನ್ನೂ ಬ್ಯಾಗು, ಶೂ ತುಂಬ ತುರ್ಕಾನಾದ ಕೆಂಧೂಳು. ನಾವು ಮೇಲಿದ್ದೇವೆಂದು ಅಮ್ಮ ಹೇಳಿ ಕಳಿಸಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ಬ್ಯಾಗನ್ನು ಅಲ್ಲೇ ಬಿಟ್ಟು, ಎರಡೇ ಹೆಜ್ಜೆಗೆ ಬಂದು ನನ್ನ ಕೈಯಿಂದ ಡ್ರಾಪರ್ ಕಿತ್ತುಕೊಂಡರು. ಕಾಗದ ಎತ್ತಿಕೊಂಡು, ದಿನಪತ್ರಿಕೆಯ ತಲೆಬರಹ ಓದುವಂತೆ ಸರಾಗವಾಗಿ ಓದಿದರು.

“‘ಒಣ ತಿಂಡಿ ಬೆಳಗ್ಗೆ ಸಂಜೆ ಒಂದೊಂದು ಬಟ್ಟಲು. ನೀರು. ಕಂದು ಬಾಟಲಿ ನನ್ನ ನಿದ್ದೆ ಔಷಧಿ. ಬೆಕ್ಕಿಗೆ ಅದ್ರ ವಾಸನೆ ಸಿಕ್ಕರೆ ಹುಚ್ಚು ಹಿಡಿಯುತ್ತೆ. ನಾನು ಮರೆತು ಹೊರಗೆ ಬಿಟ್ಟಿದ್ರೆ ಬೀರುವಿನಲ್ಲಿಟ್ಟು ಬೀಗ ಹಾಕು. ಬೆಕ್ಕಿಗೆ ಕೊಡಬೇಡ.’ ಇದ್ರಲ್ಲಿ ಆಲ್ಕೋಹಾಲ್ ಇರುತ್ತೆ ಕಣೇ!”

“ಮತ್ತೆ ಬೆಕ್ಕಿನ ಕೆಳಗೆ ಗೆರೆ...?”

“ಅದು ‘ಶ’ ಅಕ್ಷರ ಗುರುತಿಸಕ್ಕೆ ಎಳೆಯೋ ಗೆರೆ. ‘ತ’ಗೆ ಮೇಲೆ, ‘ಶ’ಗೆ ಕೆಳಗೆ. ಇಲ್ದಿದ್ರೆ ಅವ್ರಿಗೇ ಕನ್‌ಫ್ಯೂಸ್ ಆಗುತ್ತೆ. ಅದಿರ್ಲಿ, ಎಷ್ಟು ಹನಿ ಹಾಕ್ದೆ?”

“ಒಂದೂ ಇಲ್ಲ.”

“ನಿಜ ಹೇಳು.”

“ಒಂದೂ ಇಲ್ಲ ಅಪ್ಪ” ಅಂದಳು ತಂಗಿ. “ನಾನ್ ನೋಡ್ತಿದ್ದೆ.”

ಅಪ್ಪ ಸೋಫಾದ ಮೇಲೆ ಧೊಪ್ಪನೆ ಕೂತು ದೊಡ್ಡದಾಗಿ ಉಸಿರು ಬಿಟ್ಟರು. ನಾನು ನೆಲದ ಮೇಲೆ ಕೂತು ಬೆಕ್ಕನ್ನು ತಬ್ಬಿಕೊಂಡೆ. ಅದು ಬೆಚ್ಚಗಿತ್ತು, ಸಿಟ್ಟಾಗಿತ್ತು, ಪೂರ್ತಿ ಚೆನ್ನಾಗಿತ್ತು. ಅಷ್ಟು ಚೆಂದದ ಸಿಟ್ಟನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅಪ್ಪ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಕೈ ಚಾಚಿದರು.

“ಅಜ್ಜಿ ಮನೆ ಕೀ ಕೊಡು ಇಲ್ಲಿ. ಇನ್ನು ಬೆಕ್ಕನ್ನ ನಾನೇ ನೋಡ್ಕೋತೀನಿ. ಕೆಳಗೆ ನಡೀರಿ ಇಬ್ರೂ.”

ಕೊಟ್ಟೆ. ನಡೆದೆವು.